ನೆರಳಿಗೆ ಎಷ್ಟು ಫ್ರೇಮು

ಜಿಎಸ್‌ಟಿ ಬಿಲ್ಲಿಗೆಂದು ತಂದದ್ದು ಅದು.
ಆರು ಇಡ್ಲಿ ಹಿಡಿಯುವಷ್ಟು ಡಬ್ಬಿ,
ಬಳ್ಳಾರಿಯಲ್ಲಿ ಸೆಕೆಂಡ್‌ಹ್ಯಾಂಡು, ಒಂಬತ್ತೂವರೆ ಸಾವಿರ.
"ಇದು ಕಂಪ್ಯೂಟರಾ?" ಅಂದಳು ಹುಲಿಗೆಮ್ಮ,
"ಇದರ ಹೊಟ್ಟೆ ಎಲ್ಲಿ?"

ಹಗಲು ನನ್ನದು: ಡಜನ್ನು, ಝಿಪ್ಪು, ಗುಂಡಿ, ಬಾಕಿ.
ರಾತ್ರಿ ಎಂಟಕ್ಕೆ ಮಿಷನ್ನುಗಳು ನಿಂತ ಮೇಲೆ
ಕಟಿಂಗ್ ಮಾಸ್ತರನ ಮಗ ಜಿಲಾನಿಯದು.
ರಾಯದುರ್ಗದ ಬೆಟ್ಟ ಕತ್ತಲಾಗಿ ಕಿಟಕಿಗೆ ಒರಗಿದಾಗ
ಅವನು ಒಳಗೆ ಬೇರೊಂದು ಬೆಟ್ಟ ಹತ್ತುತ್ತಾನೆ,
ಕುದುರೆಯ ಮೇಲೆ.

ಹತ್ತುತ್ತಾನೆ ಅನ್ನುವುದು ದೊಡ್ಡ ಮಾತು.
ಕುದುರೆ ಒಂದು ಕಾಲೆತ್ತಿ ಯೋಚಿಸುತ್ತದೆ,
ಇನ್ನೊಂದಕ್ಕೆ 'ನಾಳೆ ಬಾ' ಅನ್ನುತ್ತದೆ.
ಮೂಲೆಯಲ್ಲಿ ಹಸಿರು ಅಂಕಿ: ಹದಿನೇಳು. ಹತ್ತೊಂಬತ್ತು. ಹದಿನಾಲ್ಕು.
"ಸೆಕೆಂಡಿಗೆ ಇಷ್ಟು ಚಿತ್ರ ಅಕ್ಕಾ. ಅರವತ್ತು ಬೇಕು,
ಹೋಗಲಿ, ಮೂವತ್ತಾದರೂ."
ನನಗರ್ಥವಾಯಿತು. ಇಂಚಿಗೆ ಹತ್ತು ಹೊಲಿಗೆ ಬೀಳಬೇಕಾದಲ್ಲಿ
ನಾಲ್ಕು ಬಿದ್ದರೆ, ಕೂತಾಗ ಪ್ಯಾಂಟು ಬಿರಿಯುತ್ತದೆ.

ಹಾಗಾಗಿ ಅವನು ಕತ್ತರಿ ಹಿಡಿದ. ಅಪ್ಪನ ಮಗ.
ಮೊದಲು ಹುಲ್ಲು ಹೋಯಿತು.
ಆಮೇಲೆ ದೂರದ ಊರು, ಅದರ ಹೊಗೆ.
ಕೆರೆಯಲ್ಲಿ ಆಕಾಶ ಕಾಣುತ್ತಿತ್ತು, ಅದನ್ನು ಲೋ ಮಾಡಿದ,
ಕೆರೆ ಈಗ ಬಣ್ಣ ಬಳಿದ ತಗಡು.
ಸಂತೆಯಲ್ಲಿ ನೂರಿದ್ದವರು ಒಂಬತ್ತಾದರು.
ಒಬ್ಬಳು ಮುದುಕಿ ಮಾತ್ರ ಯಾವ ಸೆಟ್ಟಿಂಗಿಗೂ ಬಗ್ಗಲಿಲ್ಲ,
ಖಾಲಿ ಬುಟ್ಟಿ ಇಟ್ಟುಕೊಂಡು ಕೂತೇ ಇದ್ದಳು.
ಕೊನೆಗೆ ನೆರಳು.
"ನೆರಳಿಗೇ ಅಕ್ಕಾ ಹೆಚ್ಚು ಭಾರ.
ಆಳಿಗಿಂತ ಆಳಿನ ನೆರಳು ತಿನ್ನೋದು ಜಾಸ್ತಿ."
ಆಫ್.
ಕುದುರೆ ನೆಲ ಬಿಟ್ಟು ಒಂದು ಗೇಣು ಮೇಲೆ ನಿಂತಂತೆ ಕಂಡಿತು,
ದೇವರ ಥರ, ಇಲ್ಲಾ ದೆವ್ವದ ಥರ.
ಇಪ್ಪತ್ತೆರಡು.

ಭಾಷೆಯ ಪಟ್ಟಿಯನ್ನೂ ತೆಗೆಸಿ ನೋಡಿದೆ ನಾನು.
ಹದಿಮೂರಿದ್ದವು. ಕನ್ನಡ ಇಲ್ಲ. ತೆಲುಗೂ ಇಲ್ಲ.
ಈ ಊರಲ್ಲಿ ಅದೊಂದು ಜಗಳವಾದರೂ ತಪ್ಪಿತು.

ಮೇ ತಿಂಗಳು. ಡಬ್ಬಿ ಕಾದು ಹಂಚಾಯಿತು.
ಹತ್ತು ನಿಮಿಷ ಚೆನ್ನಾಗಿ ಓಡಿ, ಹನ್ನೊಂದಕ್ಕೆ
ಕುದುರೆಗೆ ಮತ್ತೆ ನಾಳೆಯ ನೆನಪು.
ಮಡಕೆಯ ಮುಚ್ಚಳದ ಮೇಲಿಟ್ಟ, ಟೇಬಲ್ ಫ್ಯಾನು ತಿರುಗಿಸಿದ,
ರೆಸಲ್ಯೂಷನ್ ಇಳಿಸಿದ.
ನಾನು ಕನ್ನಡಕ ತೆಗೆದಿಟ್ಟಾಗ ಇರುವಂತಾಯಿತು ಲೋಕ.
ಇನ್ನೇನೂ ಉಳಿದಿರಲಿಲ್ಲ ತೆಗೆಯಲಿಕ್ಕೆ,
ಆ ಮುದುಕಿ ಬಿಟ್ಟರೆ.

ಭಾನುವಾರ ನಾಲ್ಕು ಸ್ಕ್ರೂ ಬಿಚ್ಚಿದ.
ಒಳಗೆ ಅಂಗೈ ಗುಳಿಯಷ್ಟು ಫ್ಯಾನು,
ಅದರ ಬಾಯಿಗೆ ಯಾರೋ ಕಂಬಳಿ ಹೊದಿಸಿದ್ದರು:
ದಪ್ಪ, ಮೆತ್ತಗೆ, ನೀಲಿ.
ನಮ್ಮದೇ ನೀಲಿ. ಎಂಟು ತಿಂಗಳ ಜೀನ್ಸಿನ ನವಿರು ಧೂಳು.
ಉಗುರಲ್ಲಿ ಎಳೆದರೆ ಒಂದೇ ತುಂಡಾಗಿ ಬಂತು,
ಮಗುವಿಗೊಂದು ಜೇಬು ಹೊಲಿಯಬಹುದಿತ್ತು.
ಪೇಂಟ್ ಬ್ರಷ್ಷು, ಸೈಕಲ್ ಪಂಪು. ಮುಚ್ಚಿ, ಒತ್ತಿದ.
ಮೂವತ್ತೆಂಟು. ನಲವತ್ತೊಂದು.
"ಅಯ್ಯೋ" ಅಂದ ಜಿಲಾನಿ, "ಸುಮ್ಮಸುಮ್ಮನೆ ಊರೆಲ್ಲಾ ಅಳಿಸಿಬಿಟ್ಟೆ."

ಆಗ ಆ ಕಡೆಯಿಂದ ಕೆಮ್ಮು.
ಅರ್ಜೆಂಟ್ ಆರ್ಡರು, ಭಾನುವಾರವೂ ಬಂದಿದ್ದಳು
ಓವರ್‌ಲಾಕ್ ಮಿಷನ್ನಿನ ಮುಂದೆ ಹುಲಿಗೆಮ್ಮ,
ಆರು ವರ್ಷದಿಂದ ಅದೇ ಸ್ಟೂಲು.
ಸೆರಗು ಬಾಯಿಗೆ ಒತ್ತಿ ತೆಗೆದಳು. ನೋಡಲಿಲ್ಲ ಅದನ್ನು.
ಬ್ರಷ್ಷು ನನ್ನ ಕೈಯಲ್ಲೇ ಇತ್ತು.

ಸೋಮವಾರ ಎಕ್ಸಾಸ್ಟ್ ಫ್ಯಾನಿನ ರೇಟು ಕೇಳಿ ಬಂದೆ.
ಕೇಳಿ ಬಂದೆ, ಅಷ್ಟೇ. ಎರಡು ಬೇಕಾಗುತ್ತವಂತೆ, ಡಕ್ಟು ಬೇರೆ.

ರಾತ್ರಿ ಜಿಲಾನಿ ಹುಲ್ಲು ವಾಪಸು ತಂದ. ಕೆರೆಗೆ ಆಕಾಶ ತಂದ.
ನೆರಳು ಮಾತ್ರ ಲೋನಲ್ಲಿ,
ಅಂಚು ಮಡಿಸದೆ ಬಿಟ್ಟ ಬಟ್ಟೆಯ ಹಾಗೆ ಎಳೆಎಳೆ.
ಮೊದಲು ಬಂದದ್ದು ಮುದುಕಿಯ ನೆರಳು,
ಅವಳ ಬುಟ್ಟಿಗಿಂತ ದೊಡ್ಡದು.
ಕುದುರೆ ಅದರ ಪಕ್ಕ ಬಂದು ನಿಂತಿತು.
"ಹತ್ತು ಅಕ್ಕಾ, ನೀನೂ ಒಮ್ಮೆ" ಅಂದ.
ಮೂವತ್ತಾರು ಇತ್ತು ಅಂಕಿ.
ನಾನು ಅಂಕಿಯನ್ನೇ ನೋಡುತ್ತಿದ್ದೆ.